ಇನ್ನು ಮುಂದೆ ತಿಂಗಳಿಗೊಬ್ಬ ಕಲಾವಿದರು: ಮೊದಲು ಕಿಯು ಚಿನ್

ಪ್ರೀತಿಯ ಚಂದಾದಾರರೇ,

ಮುಂದಿನ ತಿಂಗಳಿಂದ ನಮ್ಮ ಸಿನಿಮಾ ಸಂಘದ ಪ್ರದರ್ಶನಗಳ ಕ್ರಮ ಬದಲಾಗುತ್ತಿದೆ. ಇಷ್ಟು ದಿನ ತಿಂಗಳಿಗೊಬ್ಬ ನಿರ್ದೇಶಕರನ್ನು ಆರಿಸಿಕೊಳ್ಳುತ್ತಿದ್ದೆವು. ಇನ್ನು ಮೇಲೆ ಒಬ್ಬ ನಟ ಅಥವಾ ನಟಿಯ ಸಿನಿಮಾಗಳನ್ನು, ಬಂದ ವರ್ಷದ ಕ್ರಮದಲ್ಲೇ ತೋರಿಸುತ್ತೇವೆ. ಮೊದಲ ಸರದಿ ವಿಯೆಟ್ನಾಂನ ನಟಿ ಕಿಯು ಚಿನ್ ಅವರದು.

ಅವರೇ ಯಾಕೆ ಅಂತೀರಾ? ನಿರ್ದೇಶಕರ ಪಟ್ಟಿ ಹಿಡಿದು ಹೊರಟರೆ ಇಂಥವರು ಕೈಗೇ ಸಿಗುವುದಿಲ್ಲ. ಅಲ್ಲೊಂದು ಪಾತ್ರ, ಇಲ್ಲೊಂದು ಪಾತ್ರ ಅಷ್ಟೇ. 1937ರಲ್ಲಿ ಹನೋಯ್‌ನಲ್ಲಿ ಹುಟ್ಟಿದವರು. 1954ರಲ್ಲಿ ದೇಶ ಉತ್ತರ, ದಕ್ಷಿಣ ಅಂತ ಎರಡಾದಾಗ ದಕ್ಷಿಣದ ಸೈಗಾನ್‌ಗೆ ಬಂದರು. ತಂದೆ ಹನೋಯ್‌ನಲ್ಲೇ ಉಳಿದರು, ಮತ್ತೆ ಭೇಟಿಯಾಗಲೇ ಇಲ್ಲ. 1957ರಲ್ಲಿ ಮೊದಲ ಸಿನಿಮಾ. ನೋಡನೋಡುತ್ತಾ ದಕ್ಷಿಣ ವಿಯೆಟ್ನಾಂನ ದೊಡ್ಡ ತಾರೆಯಾದರು, ಸ್ವಂತ ನಿರ್ಮಾಣ ಸಂಸ್ಥೆಯನ್ನೂ ಕಟ್ಟಿದರು. 1970ರ ‘ದಿ ಈವಿಲ್ ವಿಥಿನ್’ನಲ್ಲಿ ನಮ್ಮ ದೇವಾನಂದ್ ಜೊತೆಗೂ ನಟಿಸಿದ್ದಾರೆ.

1975ರ ಏಪ್ರಿಲ್‌ನಲ್ಲಿ ಸೈಗಾನ್ ಉತ್ತರದ ಸೇನೆಯ ಕೈಗೆ ಬಿತ್ತು. ಅಷ್ಟು ದೊಡ್ಡ ತಾರೆ ದೇಶ ಬಿಟ್ಟು, ಕೆನಡಾದ ಟೊರಾಂಟೊದ ಕೋಳಿ ಫಾರಂನಲ್ಲಿ ಕೊಳೆ ತೊಳೆಯಬೇಕಾಯಿತು. ಪರಿಚಯದ ಹಾಲಿವುಡ್ ಮಂದಿಗೆಲ್ಲ ಫೋನ್ ಮಾಡಿದರು. ಕೈ ಹಿಡಿದು ಅಮೆರಿಕಕ್ಕೆ ಕರೆಸಿಕೊಂಡವರು ನಟಿ ಟಿಪ್ಪಿ ಹೆಡ್ರೆನ್. ಅಲ್ಲಿ ಎಲ್ಲ ಮೊದಲಿಂದ ಶುರು. 1977ರಲ್ಲಿ ‘ಮ್ಯಾಶ್’ ಟಿವಿ ಸರಣಿಯ ಒಂದು ಕಂತಿನಲ್ಲಿ ಕೊರಿಯಾದ ಹೆಣ್ಣುಮಗಳಾಗಿ ಕಾಣಿಸಿಕೊಂಡರು. ಅದನ್ನೂ ತೋರಿಸುತ್ತೇವೆ.

1993ರ ‘ದಿ ಜಾಯ್ ಲಕ್ ಕ್ಲಬ್’ ಮಾತ್ರ ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಅದರಲ್ಲಿ ಅವರದು ಚೀನಾದ ತಾಯಿಯ ಪಾತ್ರ. ಯುದ್ಧದಿಂದ ಓಡಿಹೋಗುವಾಗ ಮೈಯಲ್ಲಿ ತ್ರಾಣವೇ ಇಲ್ಲದೆ, ಅವಳಿ ಕೂಸುಗಳನ್ನು ದಾರಿಬದಿಯ ಮರದ ಬುಡದಲ್ಲಿ ಬಿಟ್ಟು ಹೋಗಬೇಕಾಗುತ್ತದೆ. ಅಲ್ಲಿ ಮಾತು ಕಡಿಮೆ, ಎಲ್ಲವನ್ನೂ ಮುಖವೇ ಹೇಳುತ್ತದೆ. ಬಿಡಿಯಾಗಿ ನೋಡಿದರೂ ಕರುಳು ಹಿಂಡುವ ದೃಶ್ಯ ಅದು. ಆದರೆ ಸೈಗಾನ್ ಕಾಲದ ಸಿನಿಮಾ ನೋಡಿ, ನಡುವೆ ಏನಾಯಿತು ಅಂತ ತಿಳಿದುಕೊಂಡು ಇಲ್ಲಿಗೆ ಬಂದರೆ, ಅದೇ ಮುಖ ಬೇರೆಯೇ ಕಾಣುತ್ತದೆ. ಕ್ರಮ ಬದಲಿಸಿದ್ದು ಇದಕ್ಕೇ.

ಚಂದಾ ಹಣ ಹಾಗೇ ಇರುತ್ತದೆ, ಹಳೇ ಪಾಸ್ ನಡೆಯುತ್ತದೆ. ಹಳೇ ಸಿನಿಮಾಗಳ ಪ್ರತಿಯಲ್ಲಿ ಗೆರೆ ಸ್ವಲ್ಪ ಜಾಸ್ತಿ. ಪರದೆಯ ಕೆಳಗೆ ಬರುವ ಮಾತಿನ ಸಾಲುಗಳನ್ನು ಕನ್ನಡದಲ್ಲಿ ನಾವೇ ಹಾಕಿದ್ದೇವೆ. ಪ್ರದರ್ಶನ ಎಂದಿನಂತೆ ಭಾನುವಾರ ಸಂಜೆ. ಈ ಬದಲಾವಣೆ ಬೇಡ ಅನ್ನುವವರು ತಿಂಗಳ ಕೊನೆಯೊಳಗೆ ಕೌಂಟರ್‌ನಲ್ಲಿ ತಿಳಿಸಿ, ಉಳಿದ ಹಣ ವಾಪಸ್ ಕೊಡುತ್ತೇವೆ. ಮುಂದೆ ಯಾರನ್ನು ನೋಡಬೇಕು ಅನ್ನುವುದನ್ನೂ ಅಲ್ಲೇ ಬರೆದಿಟ್ಟು ಹೋಗಿ.

ನಿಮ್ಮವರು,
ಸಂಘದ ಸದಸ್ಯರು