ಎರಡು ವಾರ ಕಡಿಮೆಯೇ, ಆದರೂ ಹೋಗಿ ಬರಬೇಕು

ಮಾನ್ಯ ಸಂಪಾದಕರೇ,

ಜರ್ಮನಿಯಿಂದ ಒಂದು ತಂಡ ನಮ್ಮ ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ, ಅಂದರೆ ನಮ್ಮ ಚರ್ಚಿನವರ ಬಳಿಗೆ, ಬಂದು ಹೋದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಅದಕ್ಕೆ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ವಿಮಾನಕ್ಕೆ ಅಷ್ಟು ದುಡ್ಡು ಸುರಿದು ಎರಡು ವಾರಕ್ಕೆ ಬಂದು ಹೋಗುವುದರಿಂದ ಯಾರಿಗೆ ಏನು ಸಿಕ್ಕಿತು, ಆ ದುಡ್ಡನ್ನೇ ಕಳಿಸಿದ್ದರೆ ಒಂದು ಬಾವಿಯೋ ಶಾಲೆಯ ಕೋಣೆಯೋ ಆಗುತ್ತಿತ್ತಲ್ಲ ಅಂತ ಅವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ನಾನೇ ಆ ಕಡೆಗೆ ಎರಡು ವಾರ ಹೋಗಿ ಬಂದೆ. ಅದಕ್ಕೇ ಈ ಪತ್ರ.

ಅವರ ಮಾತಿನಲ್ಲಿ ಸರಿ ಇರುವುದನ್ನು ಮೊದಲು ಒಪ್ಪಿಬಿಡುತ್ತೇನೆ. 1998ರಲ್ಲಿ ಮಿಚ್ ಚಂಡಮಾರುತಕ್ಕೆ ಹೊಂಡುರಾಸ್ ದೇಶದಲ್ಲಿ ಸಾವಿರಾರು ಮನೆಗಳು ಹೋದವು. ಅಮೆರಿಕ, ಕೆನಡಾದ ಸಭೆಗಳಿಂದ ತಂಡಗಳು ಹೋಗಿ ಸ್ವಲ್ಪ ದಿನ ಇದ್ದು ಮನೆ ಕಟ್ಟಿಕೊಟ್ಟವು. ಅಲ್ಲೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಆ ಮನೆಯವರಲ್ಲಿ ಹಲವರನ್ನು ವಿಚಾರಿಸಿ ನೋಡಿದರು. ಹೊರಗಿನವರು ಬಂದು ಕಟ್ಟಿದ ಮನೆಗೂ ಅಲ್ಲಿನ ಸಂಸ್ಥೆಗಳೇ ಕಟ್ಟಿಸಿದ ಮನೆಗೂ, ಅದರಲ್ಲಿ ಇರುವವರ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೇಸ್ತ್ರಿಗಳಿರುವ ಊರಿಗೆ ವಿಮಾನದಲ್ಲಿ ಹೋಗಿ ಇಟ್ಟಿಗೆ ಜೋಡಿಸುವುದು ಬೇಡ ಅಂತ ನಾನೂ ಹೇಳುತ್ತೇನೆ. ನಮ್ಮಲ್ಲಿಗೂ ಯಾರೂ ಬಣ್ಣ ಬಳಿಯಲು ಬರಬೇಕಾಗಿಲ್ಲ, ನಮ್ಮ ಹುಡುಗರಿಗೆ ಆ ಕೆಲಸ ಚೆನ್ನಾಗಿ ಗೊತ್ತು.

ನಾವು ಐದು ಜನ ಹೋಗಿದ್ದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಂದು ಸಣ್ಣ ಊರಿಗೆ. ಏನನ್ನೂ ಕಟ್ಟಲಿಲ್ಲ. ಅವರ ಮನೆಗಳಲ್ಲಿ ಇದ್ದೆವು, ಅವರ ಜೊತೆ ಪಾತ್ರೆ ತೊಳೆದೆವು, ಕಾಯಿಲೆ ಬಿದ್ದವರನ್ನು ನೋಡಿ ಬಂದೆವು. ಭಾನುವಾರ ಆರಾಧನೆಗೆ ಹೋದರೆ ಇನ್ನೂರು ಜನ ಕೂರುವಷ್ಟು ಜಾಗದಲ್ಲಿ, ನಮ್ಮನ್ನೂ ಸೇರಿಸಿ ಎಣಿಸಿದೆ, ಇಪ್ಪತ್ತೆರಡು ಜನ. ಹೆಚ್ಚಿನವರು ನನ್ನ ಅಮ್ಮನಿಗಿಂತ ದೊಡ್ಡವರು. ಗೋಡೆಯ ಮೇಲೆ ಹಾಡಿನ ನಂಬರ್ ಹಾಕುವ ಮರದ ಹಲಗೆ, ಥೇಟ್ ನಮ್ಮ ಚರ್ಚಿನದ್ದೇ. ಆರ್ಗನ್ ಶುರುವಾಯಿತು. ರಾಗ ಗೊತ್ತಿತ್ತು! ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಇಲ್ಲಿ ಬೇರೂರಿದ ಜರ್ಮನ್ ರಾಗಗಳನ್ನು ನಾವು ಇವತ್ತಿಗೂ ಕನ್ನಡದಲ್ಲಿ ಹಾಡುತ್ತೇವಲ್ಲ, ಅದರಲ್ಲಿ ಒಂದು. ನಾನು ಕನ್ನಡದಲ್ಲೇ ಹಾಡಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಎರಡನೇ ಚರಣಕ್ಕೆ ಪುಸ್ತಕ ಮುಚ್ಚಿ ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು.

ಆರಾಧನೆ ಮುಗಿದ ಮೇಲೆ ಅದೇ ಅಜ್ಜಿ ನನ್ನ ಕೈ ಹಿಡಿದುಕೊಂಡು, ನಿಮ್ಮ ಸಭೆಯಲ್ಲಿ ಎಳೆಯರು ಎಷ್ಟು ಜನ ಬರುತ್ತಾರೆ ಅಂತ ಕೇಳಿದರು. ಅವರ ಮೊಮ್ಮಗ ಸಭೆಯಿಂದ ಹೆಸರು ತೆಗೆಸಿದ್ದಾನಂತೆ. ಅಲ್ಲಿ ಸಭೆಯ ಸದಸ್ಯರಾದರೆ ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆಯೂ ಹೋಗುತ್ತದೆ, ಆ ಕಡೆ ಅದು ಆದಾಯ ತೆರಿಗೆಯ ಶೇ 8. ಬೇಡ ಅನ್ನುವವರು ಸರ್ಕಾರಿ ಕಚೇರಿಗೆ ಹೋಗಿ ಹೆಸರು ತೆಗೆಸುತ್ತಾರೆ. ಆ ಹುಡುಗನಿಗಾಗಿ ಪ್ರಾರ್ಥನೆ ಮಾಡಿ ಅಂತ ಅಜ್ಜಿ ಅವನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಕೊಡುವವರು ಅವರು, ತೆಗೆದುಕೊಳ್ಳುವವರು ನಾವು ಅಂತ ಚಿಕ್ಕಂದಿನಿಂದ ನನ್ನ ತಲೆಯಲ್ಲಿ ಕೂತಿತ್ತು. ಆ ಚೀಟಿ ಈಗ ನಮ್ಮ ಸ್ತ್ರೀಯರ ಕೂಟದ ಪುಸ್ತಕದಲ್ಲಿದೆ, ಪ್ರತಿ ಬುಧವಾರ ಆ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ದುಡ್ಡು ಕಳಿಸಿಬಿಟ್ಟಿದ್ದರೆ ಈ ಚೀಟಿ ನಮ್ಮ ಕೈಗೆ ಬರುತ್ತಿತ್ತಾ?

ಒಂದು ದಿನ ನಮ್ಮನ್ನು ಟ್ಯೂಬಿಂಗನ್‌ಗೆ ಕರೆದುಕೊಂಡು ಹೋದರು. 1894ರಲ್ಲಿ ನಮಗೆ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಮಿಷನರಿ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. ಕಾರು ಓಡಿಸುತ್ತಿದ್ದವರಿಗೆ ಕಿಟ್ಟೆಲ್ ಎಂಬ ಹೆಸರೇ ಗೊತ್ತಿರಲಿಲ್ಲ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಶುರು ಮಾಡಿದ ಮೋಗ್ಲಿಂಗ್ ಅಂತೂ ಅವರದೇ ಸೀಮೆಯವರು ಅಂತ ನಾನು ಹೇಳಿದಾಗ ಅವರು ಗಾಡಿ ಪಕ್ಕಕ್ಕೆ ನಿಲ್ಲಿಸಿ ಫೋನಿನಲ್ಲಿ ಬರೆದುಕೊಂಡರು. ಆ ಹಳೆಯ ಮಿಷನರಿಗಳು ವರ್ಷಗಟ್ಟಲೆ ಇದ್ದು, ಭಾಷೆ ಕಲಿತು, ಇಲ್ಲಿಯವರಾದರು. ಎರಡು ವಾರಕ್ಕೆ ಬರುವವರಿಂದ ಅದನ್ನು ಬಯಸುವುದು ತಪ್ಪು. ಪರಿಚಯ ಆಗುತ್ತದೆ ಅಷ್ಟೇ. ಆದರೆ ಪರಿಚಯವೇ ಇಲ್ಲದೆ ಎರಡು ಊರಿನವರು ಒಬ್ಬರಿಗೊಬ್ಬರು ‘ಜೊತೆ ಸಭೆ’ ಅಂತ ಕಾಗದದಲ್ಲಿ ಬರೆದುಕೊಂಡು ಏನು ಮಾಡುವುದು?

ಅವರು ನಮ್ಮಲ್ಲಿಗೆ ಬಂದದ್ದು ಬೆಳೆ ಹಬ್ಬಕ್ಕೆ, ಅಂದರೆ ಬೆಳೆದದ್ದನ್ನು ಸಭೆಗೆ ತಂದು ಕೊಟ್ಟು ಏಲಂ (ಹರಾಜು) ಹಾಕುವ ಹಬ್ಬಕ್ಕೆ. ಏಲಂ ನೋಡಿ ಒಬ್ಬ ಹುಡುಗನಿಗೆ ಆಶ್ಚರ್ಯ, ಒಂದೇ ಕುಂಬಳಕಾಯಿಯನ್ನು ನಾಲ್ಕು ಸಲ ಯಾಕೆ ಮಾರುತ್ತೀರಿ ಅಂತ. ಕೊಂಡವರು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಕೂಗುತ್ತೇವೆ ಅಂತ ವಿವರಿಸಿದೆ. ನಮ್ಮಲ್ಲಿ ದುಡ್ಡು ಸಂಬಳದಿಂದಲೇ ಕಟ್ ಆಗಿ ಹೋಗುತ್ತದೆ, ಯಾರು ಕೊಟ್ಟರು ಅಂತ ಯಾರಿಗೂ ಕಾಣುವುದಿಲ್ಲ ಅಂದ ಅವನು. ಐದನೇ ಸಲ ಕೂಗಿದಾಗ ಅವನೇ ಕೊಂಡ, ತಾನೇ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟ. ಆಮೇಲೆ ಅವರ ಸುಗ್ಗಿ ಹಬ್ಬದಲ್ಲಿ ಸೇಬು, ಜಾಮ್ ಬಾಟಲಿಗಳನ್ನು ಏಲಂ ಹಾಕಿದ ಫೋಟೊ ಕಳಿಸಿದರು.

ಇಂಥ ತಂಡದವರು ಮತಾಂತರ ಮಾಡಿಸಲು ಬರುತ್ತಾರೆ ಅಂತ ಕೆಲವರು ಅನ್ನುವ ಮಾತಿಗೂ ಒಂದು ಉತ್ತರ. ಪ್ರವಾಸಿ ವೀಸಾದಲ್ಲಿ ಬಂದವರು ಇಲ್ಲಿ ಧರ್ಮ ಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಅಂತಲೇ ಬೇರೆ ಇದೆ. ನಮ್ಮ ಅತಿಥಿಗಳು ನಮ್ಮ ಜೊತೆ ಬೆಂಚಿನಲ್ಲಿ ಕೂತು ಆರಾಧನೆ ಮಾಡಿದರು. ಮನೆಗೆ ಬಂದು ನೀರುದೋಸೆ ತಿಂದರು.

ನನಗೆ ನಿಜವಾಗಿ ಬೇಸರ ಇರುವುದು ಬೇರೆ ಕಡೆ. ನಮ್ಮ ಕಡೆಯಿಂದ ಹೋಗುವವರ ಪಟ್ಟಿಯಲ್ಲಿ ಯಾವಾಗಲೂ ಕಮಿಟಿಯಲ್ಲಿ ಇರುವವರು, ಇಂಗ್ಲಿಷ್ ಚೆನ್ನಾಗಿ ಬರುವವರು, ಹಿಂದೆ ಒಂದೆರಡು ಸಲ ಹೋಗಿ ಬಂದವರು. ನಾನು ಹೋದದ್ದೂ ಕೊನೆ ಗಳಿಗೆಯಲ್ಲಿ ಒಬ್ಬರು ಬಿಟ್ಟಿದ್ದಕ್ಕೆ. ಅಲ್ಲಿಯವರಿಗೆ ನಮ್ಮ ಸಭೆ ಹೇಗಿದೆ ಅಂತ ಗೊತ್ತಾಗಬೇಕಾದರೆ ಅದನ್ನು ದಿನಾ ನಡೆಸುವವರು ಹೋಗಬೇಕು, ಅಲ್ವಾ? ಇಂಗ್ಲಿಷ್ ಬೇಕೇ ಬೇಕು ಅಂತಿಲ್ಲ, ಆ ಅಜ್ಜಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಅವರ ಸೊಸೆ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ನಮ್ಮ ಸಂಡೇ ಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹಾಡು ಕಲಿಸುತ್ತಿರುವ ಅಕ್ಕ ಒಬ್ಬರಿದ್ದಾರೆ. ಕಾರ್ಖಾನೆ ಕೆಲಸ ಮುಗಿಸಿ ಶನಿವಾರ ಸಂಜೆ ಬಂದು ಭಾನುವಾರದ ಪಾಠಕ್ಕೆ ತಯಾರಿ ಮಾಡುತ್ತಾರೆ. ಅವರ ಹತ್ತಿರ ಪಾಸ್‌ಪೋರ್ಟ್ ಕೂಡ ಇರಲಿಲ್ಲ. ಹೋದ ವಾರ ಅವರ ಜೊತೆ ಕೂತು ಅರ್ಜಿ ಹಾಕಿಸಿದೆ. ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಮೊದಲು ಇರಲಿ ಅಂತ ನಮ್ಮ ಪಾದ್ರಿ ಅಯ್ಯನವರಿಗೂ ಕಮಿಟಿಯವರಿಗೂ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಸಿಎಸ್‌ಐ ಸಭೆಯ ಒಬ್ಬ ಸದಸ್ಯೆ,
ದಕ್ಷಿಣ ಕನ್ನಡ