ನಮ್ಮ ಗುಡ್ಡದ ಜೀವಗಳನ್ನು ನಮ್ಮೂರ ಪರದೆ ಮೇಲೆ ತೋರಿಸಿ: ಹಾವೇರಿ-ಗದಗ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ,

ನಾನು ಲಕ್ಷ್ಮೇಶ್ವರದವನು. ಮದುವೆ, ಕುಬುಸ, ವಾಸ್ತುಶಾಂತಿಯ ಫೋಟೊ-ವಿಡಿಯೊ ಮಾಡುವುದು ನನ್ನ ಕಸುಬು. ಕೆಲಸ ಇಲ್ಲದ ದಿನ ಅದೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮಾಗಡಿ ಕೆರೆ ಕಡೆಗೋ ಕಪ್ಪತಗುಡ್ಡದ ಕಡೆಗೋ ಹೋಗುತ್ತೇನೆ. ನನ್ನದು ಒಂದೇ ಬೇಡಿಕೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಪ್ರಾಣಿ-ಪಕ್ಷಿಗಳ ಚಿತ್ರಗಳನ್ನು ಅವು ಬದುಕುತ್ತಿರುವ ಹಳ್ಳಿಗಳಲ್ಲೇ ತೋರಿಸುವ ವ್ಯವಸ್ಥೆ ಮಾಡಿ. ನಮ್ಮ ಹುಡುಗರಿಂದಲೇ ತೆಗೆಸಿ, ನಮ್ಮ ಮಾತಿನಲ್ಲೇ ತೋರಿಸಿ.

ಇದನ್ನು ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೂರು ದೊಡ್ಡ ಆಸ್ತಿ ನಿಮ್ಮ ಒಂದೇ ಕ್ಷೇತ್ರದಲ್ಲಿವೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಗದಗ-ಮುಂಡರಗಿ-ಶಿರಹಟ್ಟಿಗೆ ಹಬ್ಬಿರುವ ಕಪ್ಪತಗುಡ್ಡ, ಆ ಕಡೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. ಮೂರೂ ಬೇರೆ ಬೇರೆ ತಾಲ್ಲೂಕು, ಕಚೇರಿ ಅಂತ ಹಂಚಿಹೋಗಿವೆ. ಎರಡೂ ಜಿಲ್ಲೆಗೆ ಸೇರಿ ಮಾತಾಡಬಲ್ಲ ಜನಪ್ರತಿನಿಧಿ ನೀವು.

ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಬಂತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಇಡೀ ಜಗತ್ತು ಒಪ್ಪಿಕೊಂಡ ಹಾಗೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ, ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿಕೊಂಡು. ಏಳು ಸಾವಿರ ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನ ಕಟ್ಟಿ ನೋಡಿದಾಗ ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಮನುಷ್ಯನಿಗೆ ಉಸಿರಾಡುವುದೇ ಕಷ್ಟ. ಅಂಥ ಹಕ್ಕಿ ನಮ್ಮೂರ ಕೆರೆಗೆ ಇಳಿದು, ಸುತ್ತಲಿನ ಹೊಲಗಳಲ್ಲಿ ಮೇಯ್ದು, ಮಾರ್ಚ್ ಹೊತ್ತಿಗೆ ವಾಪಸ್ ಹೊರಡುತ್ತದೆ.

ಆ ಹಕ್ಕಿಯ ಫೋಟೊಗಳು ಎಲ್ಲಿಗೆ ಹೋಗುತ್ತವೆ? ಬೆಂಗಳೂರು, ಪುಣೆ ಕಡೆಯಿಂದ ದೊಡ್ಡ ಲೆನ್ಸ್ ಹಿಡಿದು ಬರುವವರ ಇನ್‌ಸ್ಟಾಗ್ರಾಂಗೆ, ಕ್ಯಾಲೆಂಡರಿಗೆ, ಸ್ಪರ್ಧೆಗೆ. ಅವರು ಬರಲಿ, ಬೇಡ ಅನ್ನುವುದಿಲ್ಲ. ಅವರಿಂದಲೇ ಎಷ್ಟೋ ಜನರಿಗೆ ನಮ್ಮ ಕೆರೆ ಗೊತ್ತಾಗಿದೆ. ಆದರೆ ಯಾರ ಶೇಂಗಾ ಹೊಲದಲ್ಲಿ ಆ ಹಕ್ಕಿ ಮೇಯ್ದಿತೋ ಆ ರೈತನ ಮನೆಗೆ ಒಂದು ಫೋಟೊನೂ ವಾಪಸ್ ಬಂದಿಲ್ಲ. ನನಗೆ ಅನ್ಯಾಯ ಅನ್ನಿಸುವುದು ಇದು.

ಕಪ್ಪತಗುಡ್ಡದ ವಿಷಯ ಇನ್ನೂ ಕಷ್ಟ. ಗುಡ್ಡದ ಅಂಚಿನ ರಸ್ತೆಯಲ್ಲಿ ಒಂದು ಮುಸ್ಸಂಜೆ ನನಗೆ ಕತ್ತೆಕಿರುಬ ಕಂಡಿತು. ಅರ್ಧ ನಿಮಿಷದ ವಿಡಿಯೊ ಸಿಕ್ಕಿತು. ಡೋಣಿ ಹತ್ತಿರದ ಒಂದು ಚಹಾದಂಗಡಿಯಲ್ಲಿ ಅದನ್ನು ಫೋನಿನಲ್ಲಿ ತೋರಿಸಿದೆ. "ಇದು ಎಲ್ಲಿದು ತಮ್ಮಾ, ಆಫ್ರಿಕಾದ್ದಾ?" ಅಂತ ಒಬ್ಬ ಹಿರಿಯರು ಕೇಳಿದರು. ಇಲ್ಲ ಕಾಕಾ, ನಿಮ್ಮ ಗುಡ್ಡದ್ದೇ ಅಂದೆ. ಮತ್ತೆ ತೋರಿಸು ಅಂದರು. ಅಂಗಡಿಯವನು ಒಲೆ ಬಿಟ್ಟು ಬಂದ. ಆಮೇಲೆ ಒಬ್ಬೊಬ್ಬರೂ ತಾವು ಕಂಡದ್ದು ಹೇಳತೊಡಗಿದರು. ರಾತ್ರಿ ಕೇಳಿದ ಕೂಗು, ಸತ್ತ ಎತ್ತಿನ ಮೂಳೆ ಎಳೆದುಕೊಂಡು ಹೋದ ಗುರುತು, ಅಜ್ಜ ಹೇಳಿದ್ದು. ನಮ್ಮ ಮಕ್ಕಳು ಬಿಂಕದಕಟ್ಟಿ ಮೃಗಾಲಯಕ್ಕೆ ಹೋಗಿ ಹುಲಿ ನೋಡಿಕೊಂಡು ಬರುತ್ತಾರೆ, ಸಂತೋಷ. ಆದರೆ ಮನೆ ಹಿಂದಿನ ಗುಡ್ಡದಲ್ಲಿ ಕತ್ತೆಕಿರುಬ, ತೋಳ, ಚಿರತೆ, ಕೊಂಡುಕುರಿ ಇವೆ ಅಂತ ಅವರಿಗೆ ತೋರಿಸಿದವರು ಯಾರೂ ಇಲ್ಲ.

ನೋಡದೇ ಇರುವುದರ ಮೇಲೆ ಪ್ರೀತಿ ಹೇಗೆ ಬರಬೇಕು ಹೇಳಿ?

ಈ ಗುಡ್ಡ ಉಳಿದದ್ದೇ ಜನರಿಂದ ಅಲ್ವಾ. ಸಂರಕ್ಷಿತ ಪ್ರದೇಶ ಅನ್ನುವ ಘೋಷಣೆಯನ್ನು 2016ರ ಕೊನೆಗೆ ಸರ್ಕಾರ ವಾಪಸ್ ತೆಗೆದುಕೊಂಡಾಗ ಗದಗದಲ್ಲಿ ಜನ ಬೀದಿಗಿಳಿದರು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2017ರಲ್ಲಿ ಘೋಷಣೆ ಮತ್ತೆ ಬಂತು. 2019ರಲ್ಲಿ ವನ್ಯಜೀವಿ ಧಾಮವೇ ಆಯಿತು, 244 ಚದರ ಕಿಲೋಮೀಟರ್. ಆದರೆ ಕಾಗದದ ಮೇಲೆ ಧಾಮ ಆದರೆ ಸಾಕಾ? ಬೇಸಿಗೆ ಬಂದರೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಸುಟ್ಟರೆ ಮಳೆಗೆ ಹುಲ್ಲು ಚೆನ್ನಾಗಿ ಚಿಗುರುತ್ತದೆ ಅನ್ನುವ ನಂಬಿಕೆ ಒಂದು ಕಡೆ, ಸುಮ್ನೆ ಎಸೆದ ಬೀಡಿ ಇನ್ನೊಂದು ಕಡೆ. ಬೆಂಕಿ ಹಚ್ಚಬೇಡಿ ಅಂತ ಬೋರ್ಡು ಇದೆ, ಜೀಪಿನಲ್ಲಿ ಮೈಕ್ ಕಟ್ಟಿಕೊಂಡು ಕೂಗಿದ್ದೂ ಇದೆ. ನಾನು ಬೆಂಕಿ ಆರಿದ ಮೇಲೆ ಗುಡ್ಡದ ಬದಿಯಲ್ಲಿ ತೆಗೆದ ಫೋಟೊ ಒಂದಿದೆ. ನೆಲದ ಮೇಲೆ ಗೂಡು ಮಾಡಿದ್ದ ಹಕ್ಕಿಯ ಮೊಟ್ಟೆಗಳು, ಕಪ್ಪಾಗಿ, ಒಡೆದು ಬಿದ್ದಿವೆ. ಅದನ್ನು ಕುರಿ ಕಾಯುವ ಹುಡುಗನೊಬ್ಬನಿಗೆ ತೋರಿಸಿದಾಗ ಅವನು ಬಹಳ ಹೊತ್ತು ನೋಡಿ, "ಹುಲ್ಲಾಗ ಇಷ್ಟೆಲ್ಲ ಇರ್ತಾವ ಅಂತ ಗೊತ್ತಿರ್ಲಿಲ್ರಿ" ಅಂದ. ದಂಡ ಹಾಕುತ್ತೇವೆ ಅನ್ನುವ ಬೋರ್ಡು ಅವನಿಗೆ ಇದನ್ನು ಹೇಳಿರಲಿಲ್ಲ.

ಚಿತ್ರ ತೋರಿಸಿದರೆ ಏನಾಗುತ್ತದೆ ಅಂತ ಕೇಳುವವರಿಗೆ ನಾಗಾಲ್ಯಾಂಡ್‌ನ ಕಥೆ ಹೇಳಬೇಕು. 2012ರ ಅಕ್ಟೋಬರ್‌ನಲ್ಲಿ ಅಲ್ಲಿನ ದೊಯಾಂಗ್ ಜಲಾಶಯದ ಹತ್ತಿರ ಅಮುರ್ ಫಾಲ್ಕನ್ ಅನ್ನುವ ಪುಟ್ಟ ಬೇಟೆ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಮಾರುತ್ತಿದ್ದರು. ಒಂದು ಸೀಸನ್‌ಗೆ ಲಕ್ಷಕ್ಕೂ ಮೀರಿ ಅಂತ ಅಂದಾಜು. ಸೈಬೀರಿಯಾ, ಉತ್ತರ ಚೀನಾದಿಂದ ಹೊರಟು ಆಫ್ರಿಕಾಕ್ಕೆ ಹೋಗುವ ಹಕ್ಕಿ ಅದು, ದಾರಿಯಲ್ಲಿ ಅಲ್ಲಿ ತಂಗುತ್ತದೆ. ಅಲ್ಲಿನ ಪತ್ರಕರ್ತರು, ಸಂರಕ್ಷಕರು ಮತ್ತು ನಮ್ಮ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರೊಬ್ಬರು ಸೇರಿ ಅದನ್ನು ವಿಡಿಯೊ ಮಾಡಿದರು. ಜಗತ್ತೇ ನೋಡಿ ಗಾಬರಿಯಾಯಿತು. ಆದರೆ ಅಷ್ಟಕ್ಕೇ ನಿಲ್ಲಿಸಿ ಹಳ್ಳಿಯವರನ್ನು ಬೈದುಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಊರಿನ ಮಂಡಳಿಗಳು, ಚರ್ಚು, ಸರ್ಕಾರ, ಶಾಲೆ ಮಕ್ಕಳು ಎಲ್ಲರ ಜೊತೆ ಕೂತು ಮಾತಾಡಿದರು, ಆ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಸಿದರು. 2013ರಲ್ಲಿ ಅಲ್ಲಿ ಬಲೆ ಬೀಳಲಿಲ್ಲ. ಒಂದೇ ವರ್ಷದಲ್ಲಿ! ಈಗ ಅದೇ ಹಕ್ಕಿ ನೋಡುವುದಕ್ಕೆ ಜನ ಅಲ್ಲಿಗೆ ಹೋಗುತ್ತಾರೆ, ಊರಿನವರೇ ಕಾವಲು ಕಾಯುತ್ತಾರೆ.

ನಮ್ಮ ರಾಜ್ಯದಲ್ಲೇ ಬೇಕು ಅಂದರೆ ಕುದುರೆಮುಖ ಇದೆ. ಗಣಿಯಿಂದ ಗುಡ್ಡಕ್ಕೆ, ಭದ್ರಾ ನದಿಗೆ ಏನಾಗುತ್ತಿದೆ ಅಂತ ವನ್ಯಜೀವಿ ಚಿತ್ರಗಳನ್ನು ಮಾಡುವ ಶೇಖರ್ ದತ್ತಾತ್ರಿ 2001ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಕೋರ್ಟಿನ ಹೋರಾಟದ ಜೊತೆಗೆ ಆ ಚಿತ್ರವೂ ಓಡಾಡಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ, 2005ರ ಕೊನೆಗೆ ಗಣಿ ಬಂದ್. ಚಿತ್ರ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಫೈಲಿನಲ್ಲಿ ಓದುವುದಕ್ಕೂ ಕೆಂಪು ನೀರು ಹರಿಯುವುದನ್ನು ಕಣ್ಣಾರೆ ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಕಪ್ಪತಗುಡ್ಡದ ಸುತ್ತ ಗಣಿ, ಕ್ವಾರಿಯ ಮಾತು ಇವತ್ತಿಗೂ ಮುಗಿದಿಲ್ಲ. ನಾಳೆ ಮತ್ತೆ ಯಾರಾದರೂ ಗುಡ್ಡ ಬಂಜರು, ಅಲ್ಲಿ ಏನಿದೆ ಅಂತ ಕೇಳಿದರೆ ಇದೆಲ್ಲ ಇದೆ ಅಂತ ಊರಿನವರೇ ತೋರಿಸುವಂತಿರಬೇಕು.

ಹುಲ್ಲುಗಾವಲನ್ನು ಪಾಳು ಭೂಮಿ ಅಂತ ಬರೆದಿಡುವ ಪದ್ಧತಿಯಿಂದ ನಾವು ಕಳೆದುಕೊಂಡದ್ದು ಕಡಿಮೆ ಏನಲ್ಲ. ರಾಣೆಬೆನ್ನೂರಿನ ಅಭಯಾರಣ್ಯ 1974ರಲ್ಲಿ ಆದದ್ದು. ಅಲ್ಲಿ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇತ್ತು. ಬಯಲಿನ ತುಂಬ ನೀಲಗಿರಿ ನೆಟ್ಟರು. ದೂರಕ್ಕೆ ಕಣ್ಣು ಹಾಯಿಸಿ ಬದುಕುವ ಹಕ್ಕಿಗೆ ಅಲ್ಲಿ ಜಾಗ ಇಲ್ಲದಂತಾಯಿತು. ಇವತ್ತು ಇಡೀ ದೇಶದಲ್ಲಿ ಅವು ಉಳಿದಿರುವುದು 150ರ ಆಸುಪಾಸು. ನಮ್ಮ ಜಿಲ್ಲೆಯ ಮಕ್ಕಳಿಗೆ ಆ ಹಕ್ಕಿ ಗೊತ್ತೇ ಇಲ್ಲ.

ಇನ್ನು ತೋಳ. ಕುರಿಗಾರರಿಗೂ ತೋಳಕ್ಕೂ ಇರುವ ಸಂಬಂಧ ಹೊರಗಿನವರಿಗೆ ಅರ್ಥ ಆಗುವಂಥದ್ದಲ್ಲ. ಬೈಯುತ್ತಾರೆ, ಓಡಿಸುತ್ತಾರೆ, ಅದಕ್ಕೂ ಒಂದು ಪಾಲು ಇರಲಿ ಬಿಡು ಅನ್ನುವ ಹಿರಿಯರೂ ಇದ್ದಾರೆ. ಆ ಮಾತನ್ನು ಅವರ ಬಾಯಿಂದಲೇ ಚಿತ್ರ ಮಾಡಬೇಕು. ಕೃಪಾಕರ-ಸೇನಾನಿ ಅವರು ಕೆನ್ನಾಯಿ, ಅಂದರೆ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದರು, 2010ರಲ್ಲಿ ಅದಕ್ಕೆ ವನ್ಯಜೀವಿ ಚಿತ್ರಗಳ ದೊಡ್ಡ ಪ್ರಶಸ್ತಿಯಾದ ಗ್ರೀನ್ ಆಸ್ಕರ್ ಬಂತು. ಒಂದು ಕಾಲದಲ್ಲಿ ಕೆನ್ನಾಯಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಅಂಥ ಪ್ರಾಣಿಯನ್ನು ಜನ ಬೇರೆ ಕಣ್ಣಿನಿಂದ ನೋಡಲು ಅವರ ಕೆಲಸ ಎಷ್ಟೋ ಸಹಾಯ ಮಾಡಿದೆ. ನಮ್ಮ ತೋಳಕ್ಕೂ ಅಂಥದ್ದು ಬೇಕು. ಬಂಡೀಪುರ, ನಾಗರಹೊಳೆ, ಕಬಿನಿ ಚಿತ್ರಗಳು ಬೇಕಾದಷ್ಟು ಬಂದಿವೆ, ಬರಲಿ. ಬಯಲುಸೀಮೆ ಕಡೆ ಕ್ಯಾಮೆರಾ ತಿರುಗಿಸುವವರು ಕಡಿಮೆ.

ಒಂದು ಮಾತು ಇಲ್ಲೇ ಹೇಳಬೇಕು. ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ಹೊಲಕ್ಕೆ ಬಿದ್ದು ಬೆಳೆ ತುಳಿದಾಗ ಆಗುವ ನೋವು ದೊಡ್ಡದು. ಆ ರೈತನ ಮುಂದೆ ಚಂದದ ಸಿನಿಮಾ ಹಾಕಿ, ನೋಡಪ್ಪ ಎಷ್ಟು ಚೆನ್ನಾಗಿ ಜಿಗಿಯುತ್ತದೆ ಅಂದರೆ ಅವನಿಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಪರಿಹಾರ ಬೇಗ ಸಿಗಬೇಕು, ಅದು ಮೊದಲು. ಚಿತ್ರದಲ್ಲಿ ಅವನ ಹೊಲವೂ ಬರಬೇಕು, ರಾತ್ರಿಯೆಲ್ಲ ಕಾಯುವ ಅವನ ನಿದ್ದೆಗೆಟ್ಟ ಮುಖವೂ ಬರಬೇಕು. ಬರೀ ಪ್ರಾಣಿ ತೋರಿಸಿ ಮನುಷ್ಯನನ್ನು ಕತ್ತರಿಸಿ ಹಾಕಿದ ಚಿತ್ರ ನಮ್ಮ ಹಳ್ಳಿಯಲ್ಲಿ ನಡೆಯುವುದಿಲ್ಲ.

ಈಗ ಹಣ ಎಲ್ಲಿಂದ, ಜನ ಎಲ್ಲಿಂದ ಅನ್ನುವ ಪ್ರಶ್ನೆ. ಜನ ಇದ್ದಾರೆ, ಸಂಸದರೇ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ, ರೋಣ, ಹಾವೇರಿ, ರಾಣೆಬೆನ್ನೂರು, ಯಾವ ಊರಿಗೆ ಹೋದರೂ ಮದುವೆ ವಿಡಿಯೊ ಮಾಡುವ ಹುಡುಗರು ಸಿಗುತ್ತಾರೆ. ಒಳ್ಳೆಯ ಕ್ಯಾಮೆರಾ ಇದೆ, ಎಡಿಟಿಂಗ್ ಬರುತ್ತದೆ, ಹಾಡು-ಮಾತು ಕೂಡಿಸುವುದು ಬರುತ್ತದೆ. ಧನುರ್ಮಾಸದಲ್ಲಿ ಮದುವೆ ಇಲ್ಲ, ನಾವೆಲ್ಲ ಖಾಲಿ ಕೂತಿರುತ್ತೇವೆ. ಅದೇ ತಿಂಗಳು ಮಾಗಡಿ ಕೆರೆ ಹಕ್ಕಿಗಳಿಂದ ತುಂಬಿರುತ್ತದೆ! ಆಷಾಢದಲ್ಲೂ ಮದುವೆ ಇಲ್ಲ, ಆಗ ಕಪ್ಪತಗುಡ್ಡ ಹಸಿರಾಗಿರುತ್ತದೆ. ಅರಣ್ಯ ಇಲಾಖೆಯಿಂದ ಅನುಮತಿ ಕೊಡಿಸಿ, ಬಲ್ಲವರಿಂದ ಕೆಲವು ದಿನ ತರಬೇತಿ ಕೊಡಿಸಿ. ಬೆಂಗಳೂರಿನಿಂದ ದೊಡ್ಡ ಟೀಮು ತರಿಸುವ ಖರ್ಚು ಬೇಡ. ಚಿತ್ರದ ಮಾತು ನಮ್ಮ ಕಡೆಯ ಭಾಷೆಯಲ್ಲಿ ಇರಲಿ, ಹಕ್ಕಿಗೆ ನಮ್ಮ ಹಿರಿಯರು ಕರೆಯುವ ಹೆಸರೇ ಇರಲಿ.

ತರಬೇತಿಯಲ್ಲಿ ಮೊದಲ ಪಾಠ, ಏನು ಮಾಡಬಾರದು ಅನ್ನುವುದು. ಕೆರೆಯ ಮೇಲೆ ಡ್ರೋನ್ ಹಾರಿಸಬಾರದು. ಹಾರುವ ಫೋಟೊ ಬೇಕು ಅಂತ ಕೂತ ಹಿಂಡಿನ ಕಡೆ ನುಗ್ಗಬಾರದು. ಹಿಮಾಲಯ ದಾಟಿ ವಾಪಸ್ ಹೋಗಬೇಕಾದ ಹಕ್ಕಿಗೆ ವಿಶ್ರಾಂತಿ, ಕೊಬ್ಬು ಎರಡೂ ಬೇಕು, ಪದೇ ಪದೇ ಎಬ್ಬಿಸಿದರೆ ಎರಡೂ ಹೋಗುತ್ತವೆ. ಗೂಡಿನ ಹತ್ತಿರ ಹೋಗಬಾರದು. ತೋಳದ ಮರಿ ಇರುವ ಗವಿಯ ಲೊಕೇಶನ್ ಫೇಸ್‌ಬುಕ್‌ಗೆ ಹಾಕಬಾರದು, ಯಾಕೆಂದರೆ ಅದನ್ನು ನೋಡುವವರೆಲ್ಲ ಒಳ್ಳೆಯವರಲ್ಲ. ರೀಲ್ಸ್ ಹುಚ್ಚಿನಲ್ಲಿ ಇದೆಲ್ಲ ಆಗುತ್ತಿರುವುದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಮಾಗಡಿಯಲ್ಲಿ ಫೋಟೊ ತೆಗೆಯುವವರಿಗೆ ನಿಂತುಕೊಳ್ಳುವ ಜಾಗ ಗೊತ್ತುಮಾಡಿ, ಊರಿನ ಹುಡುಗರನ್ನೇ ಸಂಬಳ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡಿ. ನಿಯಮ ಹೊರಗಿನವರಿಗೂ ಒಂದೇ, ನಮಗೂ ಒಂದೇ.

ತೋರಿಸುವುದಕ್ಕೆ ಥಿಯೇಟರ್ ಬೇಕಿಲ್ಲ. ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಜನ ನಾವು, ರಾತ್ರಿ ಬಯಲಲ್ಲಿ ಕೂತು ನೋಡುವುದು ನಮಗೆ ಹೊಸದಲ್ಲ. ಒಂದು ಪ್ರೊಜೆಕ್ಟರ್, ಒಂದು ಪರದೆ, ಎರಡು ಸ್ಪೀಕರ್, ಒಂದು ಗಾಡಿ. ದಂಬಳದ ರೊಟ್ಟಿ ಜಾತ್ರೆಯಲ್ಲಿ, ಶಿರಹಟ್ಟಿ ಫಕೀರೇಶ್ವರನ ಜಾತ್ರೆಯಲ್ಲಿ ಹಾಕಿದರೆ ಎಷ್ಟು ಜನ ನೋಡಬಹುದು ಯೋಚಿಸಿ. ಉಳಿದ ದಿನ ಸರ್ಕಾರಿ ಶಾಲೆಗಳಿಗೆ ಅದೇ ಗಾಡಿ ಹೋಗಲಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಇದೆ. ನಿಯಮದಲ್ಲಿ ಎಷ್ಟಕ್ಕೆ ಅವಕಾಶ ಇದೆಯೋ ಅಷ್ಟು ಅದರಿಂದ ಕೊಡಿ. ಉಳಿದದ್ದಕ್ಕೆ ನಮ್ಮ ಗುಡ್ಡಗಳ ಮೇಲೆ ಗಾಳಿ ಯಂತ್ರ ನಿಲ್ಲಿಸಿ ಕರೆಂಟು ಮಾರುವ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣ ಕೇಳಿ. ನೀವು ಕೇಳಿದರೆ ಇಲ್ಲ ಅನ್ನುವುದಿಲ್ಲ.

ರಾಜಕಾರಣಿಗೂ ಕ್ಯಾಮೆರಾಕ್ಕೂ ಏನು ಸಂಬಂಧ ಅಂತ ಯಾರಾದರೂ ಅಂದರೆ ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರನ್ನು ನೆನಪು ಮಾಡಿ. ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ದೇಶದ ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರೂ ಹೌದು. ನೀವು ಕ್ಯಾಮೆರಾ ಹಿಡಿಯಬೇಕಿಲ್ಲ, ಹಿಡಿಯುವವರು ನಾವಿದ್ದೇವೆ.

ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳನ್ನು, ಅರಣ್ಯಾಧಿಕಾರಿಗಳನ್ನು, ಶಿಕ್ಷಣ ಇಲಾಖೆಯವರನ್ನು ಒಂದು ಸಭೆಗೆ ಕರೆಯಿರಿ. ಕುರಿಗಾರರನ್ನೂ ರೈತರನ್ನೂ ಅದೇ ಸಭೆಗೆ ಕರೆಯಿರಿ, ಹಿಂದಿನ ಸಾಲಿನಲ್ಲಿ ಕೂರಿಸಬೇಡಿ. ಬೇಸಿಗೆಯ ಬೆಂಕಿ ಶುರುವಾಗುವುದಕ್ಕೆ ಮುಂಚೆ ಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ಮೊದಲ ಸುತ್ತಿನ ಪ್ರದರ್ಶನ ಮುಗಿಯಬೇಕು. ನನ್ನ ಹತ್ತಿರ ಇರುವ ಫೋಟೊ, ವಿಡಿಯೊ ಅಷ್ಟನ್ನೂ ಇದಕ್ಕೆ ಬಿಟ್ಟಿಯಾಗಿ ಕೊಡುತ್ತೇನೆ. ಈ ಕಸುಬಿನ ಗೆಳೆಯರನ್ನೂ ಕೇಳಿದ್ದೇನೆ, ಅವರೂ ಕೊಡುತ್ತಾರೆ. ಸಭೆಯ ತಾರೀಖು ತಿಳಿಸಿ, ಬರುತ್ತೇವೆ.

ಇಂತಿ,
ಲಕ್ಷ್ಮೇಶ್ವರದ ಒಬ್ಬ ಫೋಟೊಗ್ರಾಫರ್, ನಿಮ್ಮ ಕ್ಷೇತ್ರದ ಮತದಾರ