ನನ್ನ ನೋವನ್ನು ನಂಬಿದವರಿಗೆ

ಕಳೆದ ಸೋಮವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಕಚೇರಿಯಲ್ಲಿ ಕುಳಿತು ಕೆಲಸ ಮಾಡಿದೆ. ಮೂರು ವರ್ಷಗಳಲ್ಲಿ ಇದೇ ಮೊದಲ ಪೂರ್ತಿ ದಿನ. ನೋವು ಹೋಗಿಲ್ಲ, ಆದರೆ ಅದು ಮಧ್ಯಾಹ್ನಕ್ಕೇ ನನ್ನನ್ನು ಮನೆಗೆ ಅಟ್ಟಲಿಲ್ಲ. ಇದಕ್ಕೆ ಕಾರಣರಾದವರನ್ನು ನೆನೆಯದೆ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ನನಗೆ ಆದದ್ದು ಹರ್ನಿಯಾ ಶಸ್ತ್ರಚಿಕಿತ್ಸೆ. ಇಂದು ಹೋಗಿ ನಾಳೆ ಮನೆಗೆ ಬರುವಂಥದ್ದು. ಗಾಯ ಮಾಯಿತು, ಬಲ ತೊಡೆಸಂದಿಯ ಉರಿ ಮಾತ್ರ ಉಳಿಯಿತು. ಬಟ್ಟೆಯ ಅಂಚು ತಾಗಿದರೂ ಕಾದ ತಂತಿ ಎಳೆದಂತಾಗುತ್ತಿತ್ತು. ಸ್ಕ್ಯಾನ್‌ಗಳಲ್ಲಿ ಏನೂ ಕಾಣಲಿಲ್ಲ. ‘ಎಲ್ಲ ಸರಿಯಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂಬ ಮಾತನ್ನು ಕೇಳಿ ಕೇಳಿ, ಕೊನೆಗೆ ನನ್ನ ನೋವನ್ನು ನಾನೇ ಅನುಮಾನಿಸತೊಡಗಿದೆ. ಅಂಥ ಒಂಟಿತನ ಯಾರಿಗೂ ಬೇಡ.

ನೋವು ಚಿಕಿತ್ಸಾ ವಿಭಾಗದ ಡಾಕ್ಟರೇ, ಮೊದಲ ವಂದನೆ ನಿಮಗೆ. ಹತ್ತಿಯ ಎಳೆಯಿಂದ ಚರ್ಮವನ್ನು ಸವರುತ್ತಾ, ನಾನು ಬೆಚ್ಚಿದಲ್ಲೆಲ್ಲ ಪೆನ್ನಿನಿಂದ ಗುರುತು ಹಾಕಿದಿರಿ. ಆ ಗುರುತುಗಳು ಒಂದು ನರ ಹರಡುವ ಜಾಗಕ್ಕೆ ಸರಿಯಾಗಿ ಹೊಂದಿದವು. ಹರ್ನಿಯಾ ಮತ್ತೆ ಉಬ್ಬದಂತೆ ಒಳಗೆ ಹೊಲಿದ ಬಲೆಯಲ್ಲೋ ಅದರ ಸುತ್ತ ಗಟ್ಟಿಯಾದ ಗಾಯದ ಕಲೆಯಲ್ಲೋ ನರ ಸಿಕ್ಕಿಕೊಂಡಿರಬಹುದು, ಅಷ್ಟು ಸಣ್ಣ ನರಕ್ಕಾದ ಪೆಟ್ಟು ಸ್ಕ್ಯಾನ್‌ನಲ್ಲಿ ಕಾಣದೆಯೂ ಇರಬಹುದು ಎಂದಿರಿ. ಅದರ ಬಳಿ ಅರಿವಳಿಕೆ ಚುಚ್ಚಿದ ಮೇಲೆ ಕೆಲವು ಗಂಟೆ ಉರಿ ಪೂರ್ತಿ ನಿಂತಿತು. ಅಂದು ಮನೆಗೆ ಬಂದು ಅತ್ತುಬಿಟ್ಟೆ. ನಾನು ಹೇಳಿದ್ದೆಲ್ಲ ನಿಜವೆಂದು ಕೊನೆಗೂ ಗೊತ್ತಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ದಾಟಿಯೂ ಉಳಿಯುವ ಇಂಥ ನೋವಿಗೆ, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಪ್ರತ್ಯೇಕ ಹೆಸರೇ ಇದೆ ಎಂದೂ ತಿಳಿಸಿದಿರಿ. ಹೆಸರು ಸಿಕ್ಕ ಮೇಲೆ ಮನೆಯವರಿಗೆ ವಿವರಿಸುವುದು ಎಷ್ಟು ಸುಲಭವಾಯಿತು!

ಫಿಸಿಯೋಥೆರಪಿಸ್ಟ್ ಮೇಡಂ, ಐದು ನಿಮಿಷದ ನಡಿಗೆಯಿಂದ ಆರಂಭಿಸಿದಿರಿ. ನೋವು ಕಡಿಮೆಯಿದ್ದ ದಿನ ಹುಮ್ಮಸ್ಸಿನಲ್ಲಿ ಹೆಚ್ಚು ನಡೆಯಲು ಬಿಡಲಿಲ್ಲ, ಹೆಚ್ಚಿದ್ದ ದಿನ ಹಾಸಿಗೆ ಹಿಡಿಯಲೂ ಬಿಡಲಿಲ್ಲ. ಆಗ ನಿಮ್ಮ ಮೇಲೆ ಸಿಡುಕಿದ್ದೇನೆ, ಕ್ಷಮಿಸಿ.

ನರದ ನೋವಿನ ಮಾತ್ರೆಗಳಿಂದ ತಲೆ ಮಂಕಾಗಿದ್ದ ತಿಂಗಳುಗಳಲ್ಲಿ ನನ್ನ ಲೆಕ್ಕಪತ್ರಗಳನ್ನು ಎರಡನೆಯ ಸಲ ನೋಡಿ, ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿದ ಸಹೋದ್ಯೋಗಿಗಳಿಗೆ ನಾನು ಋಣಿ.

ಹೆಂಡತಿಗೆ ಏನು ಹೇಳಲಿ? ‘ಇವತ್ತು ಹೇಗಿದೆ’ ಎಂದು ಅವಳು ಕೇಳುತ್ತಿದ್ದಳೇ ಹೊರತು ‘ಇನ್ನೂ ಇದೆಯಾ’ ಎಂದು ಒಮ್ಮೆಯೂ ಕೇಳಲಿಲ್ಲ.

ಮಗಳು ಯಾರೂ ಹೇಳಿಕೊಡದೆಯೇ ಮೂರು ವರ್ಷ ನನ್ನ ಎಡಗಡೆಯಲ್ಲಿ ಮಾತ್ರ ಕುಳಿತಳು. ನಿನ್ನೆ ರಾತ್ರಿ ಕಥೆ ಕೇಳಲು ಬಂದವಳು ‘ಈ ಕಡೆ ಕೂರಲಾ ಅಪ್ಪಾ?’ ಎಂದು ಬಲಗಡೆ ನಿಂತಿದ್ದಳು. ಕೂರು ಪುಟ್ಟಿ ಎಂದೆ.